ಸಿಟಿಎಫ್‌ಡಿ: ಸ್ಕೋರ್‌ಬೋರ್ಡ್ ಚೆಂದ, ಫ್ಲ್ಯಾಗ್ ನೀವೇ ನೋಡಿಕೊಳ್ಳಿ

ಪಜಲ್ ಸ್ಪರ್ಧೆ ನಡೆಸುವ ಸಾಫ್ಟ್‌ವೇರ್ ಆದ ಸಿಟಿಎಫ್‌ಡಿಯನ್ನು (CTFd) ನಮ್ಮ ಕಾಲೇಜಿನ ಸ್ಪರ್ಧೆಗೆ ಎರಡು ಸಲ ಬಳಸಿದ್ದೇನೆ. ಓಪನ್ ಸೋರ್ಸ್, ಪೈಥಾನ್‌ನಲ್ಲಿ ಬರೆದದ್ದು, ಡಾಕರ್ (ಸಾಫ್ಟ್‌ವೇರನ್ನು ಸಿದ್ಧ ಪೊಟ್ಟಣದಂತೆ ಓಡಿಸುವ ಸಾಧನ) ಗೊತ್ತಿದ್ದರೆ ಸರ್ವರ್‌ನಲ್ಲಿ ಶುರುಮಾಡೋಕೆ ಒಂದು ಸಂಜೆ ಸಾಕು. ಹೆಚ್ಚು ತಂಡಗಳು ಬಿಡಿಸಿದಂತೆ ಪಜಲ್‌ನ ಅಂಕ ತಾನಾಗಿ ಇಳಿಯುವ ಡೈನಾಮಿಕ್ ಸ್ಕೋರಿಂಗ್ ಇದೆ, ಅದೊಂದಕ್ಕೇ ನಾಲ್ಕು ಸ್ಟಾರ್ ಕೊಡುತ್ತೇನೆ.

ಪಜಲ್ ಬಿಡಿಸಿದವರು ಸಲ್ಲಿಸುವ ಉತ್ತರದ ಟೋಕನ್, ಅಂದರೆ ಫ್ಲ್ಯಾಗ್ ವಿಷಯದಲ್ಲಿ ಮಾತ್ರ ಕೆಲಸ ನಮ್ಮ ಮೇಲೆ ಬೀಳುತ್ತದೆ. ಉಚಿತ ಆವೃತ್ತಿಯಲ್ಲಿ ಮೊದಲಿಂದ ಸಿಗುವುದು ಸ್ಟ್ಯಾಟಿಕ್ (ಒಂದೇ ನಿಗದಿತ ಪದ) ಮತ್ತು ರೆಜೆಕ್ಸ್ (ಒಂದು ಮಾದರಿಗೆ ಹೊಂದುವ ಪದ), ಎಲ್ಲರಿಗೂ ಅದೇ ಉತ್ತರ. ಮೊದಲ ವರ್ಷ ನಾವು ಹಾಗೇ ಬಿಟ್ಟೆವು. ಊಟದ ಹೊತ್ತಿಗೆ ಫ್ಲ್ಯಾಗ್ ವಾಟ್ಸಾಪ್‌ನಲ್ಲಿ ಓಡಾಡಿ, ಮೂರು ತಂಡಗಳು ಒಂದೇ ನಿಮಿಷದಲ್ಲಿ ಅತಿ ಕಷ್ಟದ ಪಜಲ್ ಬಿಡಿಸಿಬಿಟ್ಟವು! ತಪ್ಪು ನಮ್ಮದೇ ಬಿಡಿ.

ಎರಡನೇ ಸಲ, ಪ್ರತಿ ತಂಡಕ್ಕೂ ಬೇರೆ ಫ್ಲ್ಯಾಗ್ ಇರಲಿ ಅಂತ ಪುಟ್ಟ ಪ್ಲಗಿನ್ ಬರೆದೆವು. ತಂಡದ ಐಡಿ, ಪಜಲ್ ಹೆಸರು ಎರಡನ್ನೂ ಸೇರಿಸಿ, ಸರ್ವರ್‌ನಲ್ಲಷ್ಟೇ ಇರುವ ಗುಟ್ಟಿನ ಕೀಲಿಯಿಂದ ಎಚ್‌ಮ್ಯಾಕ್-ಶಾ256 (ಕೀಲಿ ಇಲ್ಲದೆ ಯಾರೂ ಲೆಕ್ಕ ಹಾಕಲಾಗದ ಸಂಕೇತ) ತೆಗೆದು, ಮೊದಲ 16 ಹೆಕ್ಸ್ ಅಕ್ಷರಗಳನ್ನು (0-9, a-f) ಫ್ಲ್ಯಾಗ್ ಮಾಡಿದೆವು. ಅಂದರೆ 64 ಬಿಟ್. ನಿಮಿಷಕ್ಕೆ 10 ತಪ್ಪು ಉತ್ತರದ ಮಿತಿ ಮೊದಲೇ ಇದೆ, ಸುಮ್ನೆ ಊಹಿಸಿ ಗೆಲ್ಲಲು ಆಗುವುದಿಲ್ಲ. ಪಕ್ಕದವರ ಫ್ಲ್ಯಾಗ್ ಹಾಕಿದರೆ ಅದು ಯಾರದ್ದು ಅಂತಲೂ ತಿಳಿಯುತ್ತದೆ, ಮಜಾ ಅಲ್ವಾ? ತಲೆನೋವು ಒಂದೇ, ಪ್ರತಿ ತಂಡಕ್ಕೂ ಅದರದೇ ಫ್ಲ್ಯಾಗ್ ಅಡಗಿರುವ ಪಜಲ್ ಫೈಲ್ ಬೇರೆ ಬೇರೆ ತಯಾರಿಸಬೇಕು, 40 ತಂಡಗಳಿಗೆ ಸ್ಕ್ರಿಪ್ಟ್ ಇಲ್ಲದೆ ಕೂತರೆ ಬೆಳಗಾಗುತ್ತದೆ. ಕೀಲಿಯನ್ನಂತೂ ಅಪ್ಪಿತಪ್ಪಿಯೂ ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಏರಿಸಬೇಡಿ. ನಮ್ಮ ಹುಡುಗನೊಬ್ಬ ಹಿಂದಿನ ರಾತ್ರಿ ಏರಿಸಿಯೇಬಿಟ್ಟಿದ್ದ.