ಅಳಿಲು ತಡೆಯುವ ಫೀಡರ್: ಮೂರು ಚಳಿಗಾಲ ಬಳಸಿದ ಮೇಲೆ

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹಿತ್ತಲೆಂದರೆ ಎರಡು ಕಾರು ನಿಲ್ಲಿಸುವಷ್ಟು ಜಾಗ, ಮೂಲೆಯಲ್ಲೊಂದು ಸೇಬಿನ ಮರ. ಅದಕ್ಕೆ ಈ ಫೀಡರ್, ಅಂದರೆ ಹಕ್ಕಿಗಳಿಗೆ ಕಾಳು ತುಂಬಿಡುವ ಕೊಳವೆ, ನೇತುಹಾಕಿ ಮೂರು ಚಳಿಗಾಲವಾಯಿತು. ಕೊಟ್ಟದ್ದು 28 ಪೌಂಡ್. ‘ಹಕ್ಕಿಗೆ ಕಾಳು ಹಾಕೋಕೆ ಇಷ್ಟಾ?’ ಅಂತ ಅಮ್ಮ ವಿಡಿಯೋ ಕಾಲ್‌ನಲ್ಲೇ ಬೈದರು.

ಇಲ್ಲಿನ ಅಳಿಲು ನಮ್ಮೂರಿನ ಗೆರೆ ಅಳಿಲಲ್ಲ. 1870ರ ದಶಕದಲ್ಲಿ ಅಮೆರಿಕದಿಂದ ತಂದು ಬಿಟ್ಟ ಬೂದು ಅಳಿಲಿನ ಸಂತಾನ, ಬೆಕ್ಕಿನ ಮರಿಯಷ್ಟು ದಪ್ಪ. ಹಕ್ಕಿಗಳಿಗೆ ಖಾರ ಗೊತ್ತಾಗಲ್ಲ, ಅಳಿಲಿಗೆ ಗೊತ್ತಾಗುತ್ತೆ ಅಂತ ಓದಿ, ಹಿಂದೊಮ್ಮೆ ಕಾಳಿಗೆ ಮೆಣಸಿನಪುಡಿ ಕಲಸಿದ್ದೆ. ಮನೆಯಲ್ಲಿದ್ದದ್ದು ಬ್ಯಾಡಗಿ. ಬಣ್ಣ ಜಾಸ್ತಿ, ಖಾರ ಕಮ್ಮಿ. ಅಳಿಲು ಮೂತಿ ಕೆಂಪಗೆ ಮಾಡಿಕೊಂಡು ಪೂರ್ತಿ ತಿಂದು ಹೋಯಿತು.

ಈ ಫೀಡರ್‌ನಲ್ಲಿ ಆ ತಾಪತ್ರಯ ಇಲ್ಲ. ಅಳಿಲು ನೇತಾಡಿದರೆ ಅದರ ಭಾರಕ್ಕೆ ಹೊರಗಿನ ಜಾಲರಿ ಜಾರಿ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. 11 ಗ್ರಾಂ ತೂಗುವ ಬ್ಲೂ ಟಿಟ್ ಅನ್ನುವ ಪುಟ್ಟ ಹಕ್ಕಿ ಕೂತರೆ ಅಲುಗಾಡುವುದೂ ಇಲ್ಲ. ಸ್ಪ್ರಿಂಗ್ ಒಮ್ಮೆಯೂ ಕೈಕೊಟ್ಟಿಲ್ಲ.

ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟಕ್ಕೆ, ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲು. ಹಕ್ಕಿಗಳು ಹೊಟ್ಟೆ ತುಂಬಿಸಿಕೊಳ್ಳಬೇಕಾದ್ದು ಅಷ್ಟರೊಳಗೇ. ಅದಕ್ಕೇ ಏಳೂಮುಕ್ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತೇನೆ. ಊರಿಂದ ತಂದ ಹಿತ್ತಾಳೆ ಪಾವಿನಲ್ಲಿ ಒಂದು ಅಳತೆ, ಸಿಪ್ಪೆ ಸುಲಿದ ಸೂರ್ಯಕಾಂತಿ ಬೀಜ. ಅದು ಕೊಳವೆಗೆ ಬೀಳುವ ಸದ್ದಿಗೇ ರಾಬಿನ್ ಬೇಲಿ ಮೇಲೆ ಹಾಜರ್. ಅದು ಫೀಡರ್ ಹತ್ತುವುದಿಲ್ಲ, ನೆಲದಲ್ಲಿ ಹೆಕ್ಕುತ್ತದೆ. ಬೇಕಂತಲೇ ನಾಲ್ಕು ಕಾಳು ಚೆಲ್ಲುತ್ತೇನೆ. ಬ್ಲೂ ಟಿಟ್ ಒಂದೇ ಬೀಜ ಎತ್ತಿಕೊಂಡು ಕೊಂಬೆಗೆ ಹಾರಿ, ಎರಡು ಕಾಲಿನ ನಡುವೆ ಒತ್ತಿ ಹಿಡಿದು ಕುಟ್ಟುತ್ತದೆ. ಗೋಲ್ಡ್‌ಫಿಂಚ್‌ಗಳು ಮಾತ್ರ ಪಂಕ್ತಿಗೆ ಕೂತ ನೆಂಟರ ಹಾಗೆ. ಏಳುವ ಮಾತೇ ಇಲ್ಲ.

ತಕರಾರು ಇರುವುದು ತಳದಲ್ಲಿ. ಅದನ್ನು ಬಿಚ್ಚೋಕೆ ಬರಲ್ಲ. ಕೆಳಗಿನ ಕಿಂಡಿಗಿಂತ ಎರಡು ಬೆರಳು ಆಳದಲ್ಲಿ ಕಾಳು ಉಳಿಯುತ್ತದೆ, ಮಳೆನೀರು ಸೇರಿ ಊದಿಕೊಂಡು ಬೂಷ್ಟು ಹಿಡಿಯುತ್ತದೆ. ಬಾಟಲಿ ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಚಮಚದ ಹಿಡಿಯಿಂದ ಕೆರೆಯಬೇಕು. ಮೊದಲ ವರ್ಷ ಸುಮ್ನೆ ಕಿರಿಕಿರಿ ಅಂದುಕೊಂಡಿದ್ದೆ.

ಎರಡನೇ ಚಳಿಗಾಲ, ಜನವರಿ. ಒಂದು ಗ್ರೀನ್‌ಫಿಂಚ್ ಪುಕ್ಕ ಉಬ್ಬಿಸಿಕೊಂಡು ಕಿಂಡಿಯ ಮುಂದೆ ಕೂತಿತ್ತು. ಹತ್ತಿರ ಹೋದರೂ ಹಾರಲಿಲ್ಲ. ಬೀಜ ಬಾಯಿಗೆ ಹಾಕಿಕೊಳ್ಳುತ್ತಿತ್ತು, ನುಂಗಲಾಗದೆ ಬೀಳಿಸುತ್ತಿತ್ತು. ಕೊಕ್ಕಿನ ಸುತ್ತ ಒದ್ದೆ. ಇಲ್ಲಿನ ಫಿಂಚ್ ಜಾತಿಯ ಹಕ್ಕಿಗಳಲ್ಲಿ 2005ರಿಂದ ಕಾಣಿಸಿಕೊಂಡ ಟ್ರೈಕೊಮೊನೋಸಿಸ್ ಅನ್ನುವ ಗಂಟಲು ರೋಗದ ಲಕ್ಷಣ ಹೀಗೇ ಇರುತ್ತದೆ. ಎಂಜಲು ತಾಗಿದ ಕಾಳು, ನೀರಿನಿಂದ ಹರಡುತ್ತದೆ. ಗ್ರೀನ್‌ಫಿಂಚ್‌ಗಳು ಇದರಿಂದಲೇ ಎಷ್ಟೋ ಕಡಿಮೆಯಾಗಿವೆ. ನನ್ನ ಫೀಡರ್‌ನಿಂದಲೇ ಬಂತು ಅನ್ನಲಾರೆ. ಆದರೆ ಅವತ್ತು ಆ ತಳ ನೋಡಿದಾಗ ಹೊಟ್ಟೆ ತೊಳಸಿತು. ಫೀಡರ್ ಇಳಿಸಿ ಮೂರು ವಾರ ಏನೂ ಹಾಕಲಿಲ್ಲ. ಕಂಪನಿಗೆ ಬರೆದರೆ ‘ವಾರಕ್ಕೊಮ್ಮೆ ಸೋಪುನೀರಿನಲ್ಲಿ ಚೆನ್ನಾಗಿ ತೊಳೆಯಿರಿ’ ಅಂತ ಉತ್ತರ. ಕೈ ಎಲ್ಲಿಂದ ಹಾಕಲಿ ಸ್ವಾಮಿ?

ಮತ್ತೆ ನೇತುಹಾಕಿದೆ, 28 ಪೌಂಡ್ ಅಲ್ವಾ. ಈ ಚಳಿಗಾಲದ ಅರ್ಧದವರೆಗೂ ಭಾನುವಾರ ಭಾನುವಾರ ಚಮಚ ಹಿಡಿದು ಕೂತೆ. ಆಮೇಲೆ ಸಾಕಾಯಿತು. ಈಗ 6 ಪೌಂಡಿನ ಸಾದಾ ಕೊಳವೆ ತಂದಿದ್ದೇನೆ. ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಹತ್ತು ನಿಮಿಷದಲ್ಲಿ ತೊಳೆದು ಮನೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಒಣಗಿಸುತ್ತೇನೆ. ಅಳಿಲಿಗೆ ಹಬ್ಬ. ಒಂದೂವರೆ ತಿಂಗಳು ಬರುತ್ತಿದ್ದ ಕಾಳಿನ ಚೀಲ ಮೂರೇ ವಾರಕ್ಕೆ ಖಾಲಿ.

ಹಳೆಯದಕ್ಕೆ ಎರಡು ಸ್ಟಾರ್. ಅಂಗಡಿಯಲ್ಲೇ ತಳ ತಿರುಗಿಸಿ ನೋಡಿ ತಗೊಳ್ಳಿ.