ಡ್ರೈನ್ ಬೋಲ್ಟಿನ ಥ್ರೆಡ್ ಹಾಳು ಮಾಡಿ ಎಂ-ಸೀಲ್ ಮೆತ್ತಿ ಕಳಿಸಿದರು! ಆಯಿಲ್ ಚೇಂಜ್ ಮಾಡಿಸುವವರು ಓದಿ

ಕುಂಬಳೆ, ಬದಿಯಡ್ಕ, ಕಾಸರಗೋಡು ಕಡೆ ಕಾರು ಇರುವವರೆಲ್ಲ ದಯವಿಟ್ಟು ಓದಿ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಸಿಟ್ಟು ಅದಕ್ಕಿಂತ ಜಾಸ್ತಿ ಇದೆ.

ಮಾಮೂಲು ಆಯಿಲ್ ಚೇಂಜ್, ಅಷ್ಟೇ. ಹೈವೇ ಬದಿಯ ವರ್ಕ್‌ಶಾಪ್, ಹೆಸರು ಹಾಕುವುದಿಲ್ಲ. ಹುಡುಗ ಹಳೆ ಆಯಿಲ್ ಇಳಿಸಿದ. ಆಮೇಲೆ ಚೇಂಬರಿನ, ಅಂದರೆ ಇಂಜಿನ್ ಅಡಿಯ ಆಯಿಲ್ ತೊಟ್ಟಿಯ, ತೂತು ಮುಚ್ಚುವ ಡ್ರೈನ್ ಬೋಲ್ಟನ್ನು ಮೊದಲು ಕೈಯಲ್ಲಿ ಸುತ್ತಿ ಹಿಡಿಸುವುದು ಬಿಟ್ಟು ಸೀದಾ ಗನ್ ಇಟ್ಟು ಟರ್ರ್ ಅಂತ ಬಿಗಿದ. ಟಯರ್ ನಟ್ಟು ಬಿಗಿಯುವ ಗನ್ ಅದು! ಮತ್ತೆ ಅವನು ಅಡಿಯಿಂದ ಹೊರಗೆ ಬರಲೇ ಇಲ್ಲ. ಓನರ್ ಹೋಗಿ ಬಗ್ಗಿ ನೋಡಿದ, ಇಬ್ಬರೂ ಏನೋ ಪಿಸುಗುಟ್ಟಿದರು. ಏನಾಯ್ತು ಅಂತ ಕೇಳಿದೆ. "ಕುಳಪ್ಪ ಇಲ್ಲ (ತೊಂದರೆ ಏನಿಲ್ಲ) ಮಾಷ್ಟ್ರೇ, ನೀವು ಚಾ ಕುಡಿದು ಬನ್ನಿ."

ಮರುದಿನ ಬೆಳಗ್ಗೆ ಅಂಗಳದಲ್ಲಿ ಆಯಿಲ್. ಹೊಚ್ಚ ಹೊಸ ಆಯಿಲ್! ಡಿಪ್‌ಸ್ಟಿಕ್ (ಆಯಿಲ್ ಮಟ್ಟ ತೋರಿಸುವ ಕಡ್ಡಿ) ನೋಡಿಕೊಂಡು ಮೆಲ್ಲ ಪೆರ್ಲದ ಪರಿಚಯದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ನನ್ನನ್ನೇ ಅಡಿಗೆ ಕರೆದು ಟಾರ್ಚ್ ಬಿಟ್ಟರು. ಬೋಲ್ಟಿನ ಸುತ್ತ ಎಂ-ಸೀಲ್ ಮೆತ್ತಿದ್ದಾರೆ. ಸ್ಕ್ರೂಡ್ರೈವರಿನಲ್ಲಿ ಕೆರೆದರೆ ಒಳಗೆ ನಲ್ಲಿಗೆ ಸುತ್ತುವ ಬಿಳಿ ಟೇಪ್. ಮತ್ತೆ ಪಾನವೇ (ಸ್ಪ್ಯಾನರ್) ಬೇಕಾಗಲಿಲ್ಲ, ಬೋಲ್ಟ್ ಬೆರಳಲ್ಲೇ ಬಂತು, ಅದರ ಥ್ರೆಡ್ ತುಂಬ ಚೇಂಬರಿನ ಅಲ್ಯುಮಿನಿಯಂ ಸುರುಳಿ ಸುರುಳಿಯಾಗಿ ಅಂಟಿತ್ತು. ವಾಷರ್ ಹಳೆಯದೇ, ಚಪ್ಪಟೆಯಾಗಿ ಹೋಗಿದೆ. ಬಿಲ್ಲಿನಲ್ಲಿ ಹೊಸ ವಾಷರಿಗೆ 40 ರೂಪಾಯಿ! ಆ ಬಿಲ್ ನನ್ನ ಕಿಸೆಯಲ್ಲೇ ಇತ್ತು. ಹುಡುಗನಿಗೆ ಚಾಕ್ಕೆ ಅಂತ 50 ರೂಪಾಯಿ ಬೇರೆ ಕೊಟ್ಟು ಬಂದಿದ್ದೆ.

ಆ ಬೋಲ್ಟ್ ದಾರಿಯಲ್ಲಿ ಬಿದ್ದಿದ್ದರೆ? ಆಯಿಲ್ ಪೂರ್ತಿ ಖಾಲಿ, ಇಂಜಿನ್ ಜಾಮ್. ಹೆಂಡತಿ ಮಕ್ಕಳು ಇದ್ದ ಕಾರು ಸ್ವಾಮಿ!

ಆ ವರ್ಕ್‌ಶಾಪಿನ ಓನರಿಗೆ ಫೋನ್ ಮಾಡಿದೆ. "ಅದರ ಥ್ರೆಡ್ ಮೊದಲೇ ಹೋಗಿತ್ತು ಮಾಷ್ಟ್ರೇ." ಮತ್ತೆ ಹೇಳಲಿಲ್ಲ ಯಾಕೆ? "ಸುಮ್ನೆ ನಿಮಗೆ ಟೆನ್ಶನ್ ಯಾಕೆ ಅಂತ." ಮೊದಲೇ ಹೋಗಿದ್ದರೆ ಇಷ್ಟು ಸಮಯ ಒಂದು ಹನಿ ಸೋರದೆ ನಿಂತದ್ದು ಹೇಗೆ? "ಹಳೆ ಗಾಡಿ ಅಲ್ವಾ, ಹಾಗೆಯೇ." ಎಂ-ಸೀಲ್ ಯಾರು ಹಾಕಿದ್ದು? ಅದಕ್ಕೆ ಉತ್ತರವೇ ಇಲ್ಲ. ಕೊನೆಗೆ, "ಚೇಂಬರ್ ಚೇಂಜ್ ಮಾಡಬೇಕು, 9,000 ಆಗುತ್ತದೆ, ನೀವಾದ ಕಾರಣ ಲೇಬರ್ ಬೇಡ." ನಾನಾದ ಕಾರಣ ಅಂತೆ! ಹಾಳು ಮಾಡಿದ್ದು ಅವರು, ಚೇಂಬರಿನ ದುಡ್ಡು ನನ್ನದು.

ಚೇಂಬರ್ ಬದಲಿಸುವ ಅಗತ್ಯವೇ ಇರಲಿಲ್ಲ. ಪೆರ್ಲದವರು ಅದನ್ನು ಬಿಚ್ಚಿ ಲೇತಿಗೆ ಕೊಟ್ಟು ಹೆಲಿಕಾಯಿಲ್ ಹಾಕಿಸಿದರು. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊಯ್ದು, ಸ್ಟೈನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತಾರೆ. ಮೊದಲಿನ ಸೈಜಿನ ಬೋಲ್ಟೇ ಹಿಡಿಯುತ್ತದೆ, ಬರೀ ಅಲ್ಯುಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ಬಿಚ್ಚಿಯೇ ಮಾಡಿಸಿ, ಇಲ್ಲದಿದ್ದರೆ ಪುಡಿ ಇಂಜಿನ್ ಒಳಗೆ ಹೋಗುತ್ತದೆ. ಆಯಿಲ್ ಬಿಟ್ಟು 1,800 ಆಯಿತು. ದೊಡ್ಡ ಸೈಜಿನ ಬೋಲ್ಟ್ ತುರುಕಿಸಲು ಮಾತ್ರ ಬಿಡಬೇಡಿ, ಅದು ಓರೆ ಹೋದರೆ ಆಗ ಚೇಂಬರಿಗೆ ನಿಜವಾಗಿಯೂ 9,000.

ಬೋಲ್ಟ್ ಸ್ಟೀಲ್, ನನ್ನ ಕಾರಿನ ಹಾಗೆ ಎಷ್ಟೋ ಕಾರುಗಳಲ್ಲಿ ಚೇಂಬರ್ ಅಲ್ಯುಮಿನಿಯಂ. ಜಾಸ್ತಿ ಬಿಗಿದರೆ ಹೋಗುವುದು ಚೇಂಬರೇ. ಚಿಕ್ಕ ಕಾರಿಗೆ ಸಾಮಾನ್ಯವಾಗಿ 30-40 ನ್ಯೂಟನ್ ಮೀಟರ್ ಬಿಗಿ ಧಾರಾಳ, ಕೈಪಾನ ಸಾಕು. ಗನ್ ತೆಗೆದರೆ ಅಲ್ಲೇ ನಿಲ್ಲಿಸಿ. ದುಡ್ಡು ಕೊಡುವ ಮೊದಲು ಬಗ್ಗಿ ನೋಡಿ. ಚಾ ಕುಡಿದು ಬನ್ನಿ ಅಂದರೆ ಹೋಗಲೇಬೇಡಿ.

ಎಂ-ಸೀಲಿನ ಫೋಟೋ ಆ ಓನರಿಗೆ ವಾಟ್ಸಾಪ್ ಮಾಡಿದ್ದೆ. ರಾತ್ರಿ ಉತ್ತರ ಬಂತು: "ಗ್ರೂಪಿಗೆಲ್ಲ ಹಾಕಬೇಡಿ ಮಾಷ್ಟ್ರೇ, ಮುಂದಿನ ಸಲ ಲೇಬರ್ ಫ್ರೀ." ಇಗೋ, ಹಾಕಿದ್ದೇನೆ. ವಾಷರಿನ 40 ರೂಪಾಯಿ ಇನ್ನೂ ಬಂದಿಲ್ಲ.