ವಕೀಲರ ಆಫೀಸಿನ ಕೆಲಸಕ್ಕೆ ಸ್ವಯಂ ಕೋರ್ಸೋ, ಇಗ್ನೋ ಡಿಪ್ಲೊಮಾವೋ?

ಲೀಗಲ್ ಅಸಿಸ್ಟೆಂಟ್ ಆಗಬೇಕು, ಮನೆಯಲ್ಲೇ ಕೂತು ಕಾನೂನಿನ ಮೊದಲ ಪಾಠ ಕಲಿಯಬೇಕು ಅನ್ನುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಸ್ವಯಂ (SWAYAM) ಅನ್ನುವುದು ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸ್‌ಗಳ ತಾಣ. ಪಾಠ ನೋಡಲು ದುಡ್ಡು ಬೇಡ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಕಾನೂನು ತನಗೆ ಹಿಡಿಸುತ್ತದಾ ಅಂತ ನೋಡಲು ಇದು ಸಾಕು. ಆದರೆ ಇಲ್ಲಿ ಒಂದೊಂದು ವಿಷಯಕ್ಕೂ ಬೇರೆ ಬೇರೆ ಕೋರ್ಸ್. ಯಾವುದು ಮೊದಲು ಅಂತ ನೀವೇ ಆರಿಸಿಕೊಳ್ಳಬೇಕು.

ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಪ್ಯಾರಾಲೀಗಲ್ (ವಕೀಲರಿಗೆ ಸಹಾಯಕರಾಗಿ ಮಾಡುವ ಕಾನೂನು ಕೆಲಸ) ಪ್ರಾಕ್ಟೀಸ್ ಡಿಪ್ಲೊಮಾ ಈ ಕೆಲಸಕ್ಕೇ ಹತ್ತಿರವಾದದ್ದು. ದೂರಶಿಕ್ಷಣ, ಕನಿಷ್ಠ 1 ವರ್ಷ. ಪಿಯುಸಿ ಆಗಿದ್ದರೆ ಸೇರಬಹುದು. ಕೆಲಸ ಹುಡುಕುವುದೇ ಗುರಿಯಾದರೆ ನನ್ನ ವೋಟು ಇದಕ್ಕೇ.

ಯಾವುದಕ್ಕೆ ಸೇರಿದರೂ ಪಾಠ ಯಾವಾಗಿನದು ಅಂತ ಮೊದಲು ನೋಡಿ. 2024ರ ಜುಲೈ 1ರಿಂದ ಐಪಿಸಿ (ಭಾರತೀಯ ದಂಡ ಸಂಹಿತೆ) ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಶಿಕ್ಷೆ ಹೇಳುವ ಸೆಕ್ಷನ್ 302 ಈಗ 103(1). ಆ ದಿನಕ್ಕಿಂತ ಮೊದಲಿನ ಅಪರಾಧಗಳಿಗೆ ಹಳೆಯ ಐಪಿಸಿಯೇ ಅನ್ವಯ. ಹಾಗಾಗಿ ಎರಡೂ ಗೊತ್ತಿರಬೇಕು, ತಲೆನೋವೇ ಅಲ್ವಾ!

ವಕಾಲತ್ತು (ಕೇಸು ನಡೆಸಲು ಕಕ್ಷಿದಾರ ವಕೀಲರಿಗೆ ಕೊಡುವ ಅಧಿಕಾರ ಪತ್ರ), ಅಫಿಡವಿಟ್ ಸಿದ್ಧ ಮಾಡುವುದು, ಕೋರ್ಟ್‌ಗಳ ಇ-ಕೋರ್ಟ್ಸ್ ವೆಬ್‌ಸೈಟ್‌ನಲ್ಲಿ ಕೇಸಿನ ಮುಂದಿನ ದಿನಾಂಕ ನೋಡುವುದು ಆಫೀಸಿನಲ್ಲೇ ಕೈಗೆ ಹತ್ತುತ್ತದೆ. ನಮ್ಮ ತಾಲ್ಲೂಕು ಕೋರ್ಟ್‌ಗಳ ಕಡೆ ಕೆಲಸ ಹುಡುಕುವುದಾದರೆ ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಜೊತೆಗೇ ಕಲಿತುಬಿಡಿ.

ಆನ್‌ಲೈನ್ ಎಲ್‌ಎಲ್‌ಬಿ ಅಂತ ಯಾರಾದರೂ ಆಸೆ ತೋರಿಸಿದರೆ ದುಡ್ಡು ಕಟ್ಟಬೇಡಿ. ದೂರಶಿಕ್ಷಣದ ಕಾನೂನು ಪದವಿಯನ್ನು ವಕೀಲರ ನಿಯಂತ್ರಣ ಸಂಸ್ಥೆಯಾದ ಬಾರ್ ಕೌನ್ಸಿಲ್ ಒಪ್ಪುವುದಿಲ್ಲ.